ಜೆಡ್ಡಾಗೆ ಬಂದದ್ದು ಗುಡಾರದ ಆಕಾರ, ಬಟ್ಟೆ ಹಿಂದೆಯೇ ಉಳಿಯಿತು

ಹಜ್ ಯಾತ್ರೆ ಮಾಡಿ ಬಂದವರು ನಿಮ್ಮ ಓಣಿಯಲ್ಲಿದ್ದರೆ ಜೆಡ್ಡಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್ ಹೇಗಿದೆ ಎಂದು ಒಮ್ಮೆ ಕೇಳಿ ನೋಡಿ. ಎತ್ತರದ ಉಕ್ಕಿನ ಕಂಬಗಳು, ಅವುಗಳಿಂದ ತೂಗುವ ಬಿಳಿ ಬಟ್ಟೆಯ ಗುಡಾರಗಳು, ಕಣ್ಣು ಹಾಯುವಷ್ಟು ದೂರ ಅದೇ ಸಾಲು. ಒಟ್ಟು 210 ಗುಡಾರಗಳು. ಒಂದೊಂದೂ 45 ಮೀಟರ್ ಉದ್ದ, ಅಷ್ಟೇ ಅಗಲ. ಸುತ್ತ ಗೋಡೆಯಿಲ್ಲ. ಅದರ ನೆರಳಲ್ಲಿ ಸಾವಿರಾರು ಜನ ಚೀಲಕ್ಕೆ ತಲೆಯಾನಿಸಿ ಮಕ್ಕಾದ ಬಸ್ಸಿಗೆ ಕಾಯುತ್ತಾರೆ.

ಇದು ತೆರೆದದ್ದು 1981ರಲ್ಲಿ. ಮರುಭೂಮಿಯ ಬೆದೂಯಿನ್ ಅಲೆಮಾರಿಗಳ ಗುಡಾರವೇ ಇದಕ್ಕೆ ಮಾದರಿ ಎಂಬ ಮಾತು ಅಂದಿನಿಂದ ನಡೆದುಬಂದಿದೆ. ಪರಿಸರಕ್ಕೆ ಹೊರೆಯಾಗದ ಕಟ್ಟಡಗಳ ಚರ್ಚೆ ಎದ್ದಾಗಲೆಲ್ಲ ಈಗಲೂ ಅದೇ ಗುಡಾರದ ಹೆಸರು ಬರುತ್ತದೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧ ತಿಳಿಯಬೇಕಾದರೆ ಆ ಗುಡಾರದ ಬಟ್ಟೆಯನ್ನೇ ಕೈಗೆತ್ತಿಕೊಂಡು ನೋಡಬೇಕು.

ಅರಬ್ಬಿಯಲ್ಲಿ ಅದರ ಹೆಸರು ‘ಬೈತ್ ಅಲ್-ಶಅರ್’. ಹಾಗೆಂದರೆ ಕೂದಲಿನ ಮನೆ. ಕರಿ ಮೇಕೆಯ ಕೂದಲನ್ನು ಹೆಂಗಸರು ತಕಲಿಯಲ್ಲಿ ನೂಲುತ್ತಾರೆ. ನೆಲಕ್ಕೆ ನಾಲ್ಕು ಗೂಟ ಹೊಡೆದು, ಅವುಗಳ ನಡುವೆ ಹಾಸಿನ ನೂಲು ಬಿಗಿದು, ಅದರ ಮುಂದೆಯೇ ಕೂತು ನೇಯುತ್ತಾರೆ. ಹೊಕ್ಕಿನ ನೂಲನ್ನು ಒತ್ತಿ ಕೂರಿಸಲು ಜಿಂಕೆಯ ಕೊಂಬು ಬಳಸುತ್ತಾರೆ. ಈ ನೇಯ್ಗೆಯೇ ‘ಸದು’. ಗೂಟ ಕಿತ್ತು ಸುತ್ತಿದರೆ ಮಗ್ಗವೂ ಒಂಟೆಯ ಬೆನ್ನೇರುತ್ತದೆ. ಕೂತವಳ ಕೈಗೆ ಎಟುಕುವಷ್ಟೇ ಪಟ್ಟಿಯ ಅಗಲ, ಉದ್ದ ಮಾತ್ರ ಗುಡಾರದಷ್ಟು. ಇಂಥ ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಹೊಲಿದರೆ ಚಾವಣಿ ಸಿದ್ಧ. ಕಂಬ ತಾಗುವ ಕಡೆ ಬಟ್ಟೆ ಹರಿಯಬಾರದೆಂದು ಅಡ್ಡಕ್ಕೆ ಕಿರಿದಾದ ಗಟ್ಟಿ ಪಟ್ಟಿಯೊಂದನ್ನು ಹೊಲಿದಿರುತ್ತಾರೆ. ಬಟ್ಟೆಯ ಎಳೆತವೆಲ್ಲ ಅದರ ಮೂಲಕ ಹಗ್ಗಕ್ಕೆ, ಹಗ್ಗದಿಂದ ಗೂಟಕ್ಕೆ ಇಳಿಯುತ್ತದೆ.

ಇದು ಎಷ್ಟು ಹಳೆಯದೆಂದರೆ ಬೈಬಲ್ಲಿನ ವಿಮೋಚನಕಾಂಡದ 26ನೇ ಅಧ್ಯಾಯದಲ್ಲಿ ದೇವದರ್ಶನದ ಗುಡಾರಕ್ಕೆ ಮೇಕೆ ಕೂದಲಿನ 11 ಪರದೆ ಮಾಡಿಸಬೇಕೆಂಬ ಅಪ್ಪಣೆಯಿದೆ. ಒಂದೊಂದೂ 30 ಮೊಳ ಉದ್ದ, 4 ಮೊಳ ಅಗಲ. ಅಂದೂ ಪಟ್ಟಿಗಳೇ, ಇಂದೂ ಪಟ್ಟಿಗಳೇ. ಉತ್ತರ ಆಫ್ರಿಕಾದಿಂದ ಇರಾನ್, ಅಫ್ಘಾನಿಸ್ತಾನದವರೆಗೆ ಇದೇ ಕಪ್ಪು ಗುಡಾರ ಹರಡಿದೆ. ಟಿಬೆಟ್‌ನಲ್ಲಿ, ನಮ್ಮ ಲಡಾಖಿನ ಚಾಂಗ್ಪಾಗಳಲ್ಲಿ ಮೇಕೆಯ ಜಾಗಕ್ಕೆ ಯಾಕ್ ಕೂದಲು ಬರುತ್ತದೆ.

ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತವರಿಗೆ ಈ ಬಟ್ಟೆಯ ಗುಣ ಬೇಗ ಅರ್ಥವಾಗುತ್ತದೆ. ಮೊದಲ ಹನಿಗಳು ಸ್ವಲ್ಪ ಒಳಗಿಳಿಯುತ್ತವೆ. ಆಮೇಲೆ ನೂಲು ನೆನೆದು ಉಬ್ಬಿ, ನೇಯ್ಗೆ ಮುಚ್ಚಿಕೊಂಡು, ನೀರು ಮೇಲಿಂದಲೇ ಹರಿದುಹೋಗುತ್ತದೆ. ನಮ್ಮ ಕುರುಬರು ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡುತ್ತಾರೆ. ಬೆದೂಯಿನರಿಗೆ ಮೇಕೆ ಕೂದಲಿನ ಸಹಜ ಜಿಡ್ಡೇ ಸಾಕು. ಬಿಸಿಲು ಬಂತೆಂದರೆ ಬಟ್ಟೆ ಒಣಗಿ ನೂಲು ಮತ್ತೆ ಸಣಕಲಾಗುತ್ತದೆ, ನೇಯ್ಗೆಯ ಸಂದುಗಳು ತೆರೆದುಕೊಳ್ಳುತ್ತವೆ. ಒಳಗೆ ಕೂತು ತಲೆಯೆತ್ತಿದರೆ ಕಪ್ಪು ಚಾವಣಿಯ ತುಂಬ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು. ಆ ಸಂದುಗಳಿಂದಲೇ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ, ಬದಿಯ ಪರದೆ ಎತ್ತಿಟ್ಟರೆ ಹೊಸ ಗಾಳಿ ಒಳಬರುತ್ತದೆ.

ಕಪ್ಪು ಬಣ್ಣ ಬಿಸಿಲನ್ನು ಹೀರುವುದಿಲ್ಲವೇ? ಹೀರುತ್ತದೆ. ಬೆದೂಯಿನರ ಕಪ್ಪು ನಿಲುವಂಗಿಯ ಬಗ್ಗೆ ಇದೇ ಪ್ರಶ್ನೆ ಹಿಡಿದು ಹೊರಟ ವಿಜ್ಞಾನಿಗಳು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಕಪ್ಪು ಅಂಗಿ ಹೆಚ್ಚು ಶಾಖ ಹೀರಿದರೂ ಆ ಹೆಚ್ಚುವರಿ ಶಾಖ ಮೈ ಮುಟ್ಟುವ ಮೊದಲೇ ಗಾಳಿಯಲ್ಲಿ ಕಳೆದುಹೋಗುತ್ತದೆ. ಬಿಳಿ ಅಂಗಿ ತೊಟ್ಟವನಿಗೂ ಕಪ್ಪು ತೊಟ್ಟವನಿಗೂ ಮೈಗೆ ತಾಗುವ ಬಿಸಿ ಒಂದೇ. ಅಂಗಿಗೆ ಹೇಳಿದ ಮಾತನ್ನು ಗುಡಾರಕ್ಕೆ ಹಾಗೆಯೇ ಅನ್ವಯಿಸಲಾಗದು, ಆದರೆ ಬಿಸಿಯನ್ನು ಗಾಳಿಗೆ ಒಪ್ಪಿಸುವ ಉಪಾಯ ಎರಡರಲ್ಲೂ ಇದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುವುದು ಅದರ ರಿಪೇರಿಯ ಕ್ರಮ. ಸವೆದ ಪಟ್ಟಿಯ ಹೊಲಿಗೆ ಬಿಚ್ಚಿ, ಮಳೆ ಬಿಸಿಲು ಹೆಚ್ಚು ಬೀಳುವ ನಡುಭಾಗಕ್ಕೆ ಹೊಸ ಪಟ್ಟಿ ಸೇರಿಸುತ್ತಾರೆ. ಹಳೆಯದು ಅಂಚಿಗೆ ಸರಿಯುತ್ತದೆ, ಅಲ್ಲಿಂದ ಬದಿಯ ಪರದೆಯಾಗುತ್ತದೆ. ಹೀಗಾಗಿ ಗುಡಾರ ಒಂದೇ ಸಲ ಹಳತಾಗುವುದೆಂಬುದಿಲ್ಲ. ತಾಯಿ ನೇಯ್ದ ಪಟ್ಟಿಯ ಪಕ್ಕದಲ್ಲೇ ಮಗಳು ನೇಯ್ದದ್ದು ಇರುತ್ತದೆ. ಕೊನೆಗೆ ಎಸೆದರೂ ಅದು ಬರೀ ಕೂದಲು, ಮಣ್ಣಿಗೆ ಸೇರಿಹೋಗುತ್ತದೆ.

ಈಗ ಜರ್ಮನಿಗೆ ಬರೋಣ. ಎರಡನೇ ಮಹಾಯುದ್ಧದಲ್ಲಿ ವಿಮಾನ ಚಾಲಕನಾಗಿದ್ದು, ಫ್ರಾನ್ಸಿನಲ್ಲಿ ಯುದ್ಧಕೈದಿಯಾಗಿದ್ದ ಫ್ರೈ ಓಟೋ, ಆಧುನಿಕ ಗುಡಾರ ವಾಸ್ತುವಿನ ಮೂಲಪುರುಷ. ಕಡಿಮೆ ಸಾಮಗ್ರಿಯಲ್ಲಿ ಹೆಚ್ಚು ಜಾಗ ಮುಚ್ಚುವುದು ಹೇಗೆ ಎಂಬುದೇ ಅವರ ಬದುಕಿನ ಹುಡುಕಾಟವಾಯಿತು. 1954ರಲ್ಲಿ ತೂಗುಚಾವಣಿಗಳ ಮೇಲೆ ಡಾಕ್ಟರೇಟ್ ಪಡೆದರು. 1955ರಲ್ಲಿ ಕಾಸೆಲ್ ನಗರದ ಉದ್ಯಾನ ಪ್ರದರ್ಶನಕ್ಕೆ ಸಂಗೀತಗಾರರು ಕೂರುವ ಪುಟ್ಟ ಮಂಟಪ ಕಟ್ಟಿದರು. ಅದನ್ನು ಹೊಲಿದುಕೊಟ್ಟದ್ದು ಪೀಟರ್ ಸ್ಟ್ರೋಮಯರ್ ಅವರ ಗುಡಾರ ಕಾರ್ಖಾನೆ, ಬಟ್ಟೆ ಅಪ್ಪಟ ಹತ್ತಿಯದು. ಗುಡಾರ ಹೊಲಿಯುವವರ ಜೊತೆ ಕೂತು ಕಲಿತ ವಾಸ್ತುಶಿಲ್ಪಿ ಓಟೋ. ಮಾಂಟ್ರಿಯಲ್‌ನಲ್ಲಿ 1967ರ ಜರ್ಮನ್ ಮಂಟಪ, ಮ್ಯೂನಿಕ್‌ನಲ್ಲಿ 1972ರ ಒಲಿಂಪಿಕ್ ಚಾವಣಿ ಬರುವಷ್ಟರಲ್ಲಿ ಗುಡಾರವೆಂದರೆ ತಾತ್ಕಾಲಿಕ ಎಂಬ ಎಣಿಕೆ ಸಡಿಲವಾಗಿತ್ತು. ಆದರೆ ಮ್ಯೂನಿಕ್ ಚಾವಣಿಯಲ್ಲಿ ಬಟ್ಟೆಯೇ ಇಲ್ಲ. ಉಕ್ಕಿನ ಹಗ್ಗದ ಬಲೆಗೆ ಅಕ್ರಿಲಿಕ್ ಹಲಗೆಗಳನ್ನು ಜೋಡಿಸಿದ್ದಾರೆ.

ಗಾಜಿನ ನೂಲಿಗೆ ಟೆಫ್ಲಾನ್ ಲೇಪಿಸಿದ ಬಟ್ಟೆ ಬಂದದ್ದು 1970ರ ದಶಕದ ಆರಂಭದಲ್ಲಿ. 1973ರಲ್ಲಿ ಕ್ಯಾಲಿಫೋರ್ನಿಯಾದ ಲಾ ವರ್ನ್ ವಿದ್ಯಾಲಯದ ಕಟ್ಟಡಕ್ಕೆ ಅದನ್ನು ಹೊದಿಸಿದರು. ಅದಕ್ಕೆ ಬೆಂಕಿ ಹತ್ತುವುದಿಲ್ಲ, ಕೊಳೆ ಅಂಟುವುದಿಲ್ಲ, ಬಿಸಿಲಿಗೆ ದಶಕಗಟ್ಟಲೆ ಜಗ್ಗುವುದಿಲ್ಲ. ಇದೇ ಬಟ್ಟೆಯನ್ನು ಜೆಡ್ಡಾಗೆ ಒಯ್ದ, ಅಮೆರಿಕದ ಎಸ್‌ಒಎಂ ಎಂಬ ವಾಸ್ತುಶಿಲ್ಪ ಸಂಸ್ಥೆಯ ತಂಡದಲ್ಲಿದ್ದವರು ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್. ಶಿಕಾಗೋದ ಗಗನಚುಂಬಿ ಸಿಯರ್ಸ್ ಟವರ್ (ಈಗಿನ ವಿಲ್ಲಿಸ್ ಟವರ್) ಅನ್ನು ನಿಲ್ಲಿಸಿದ್ದು ಅವರ ಲೆಕ್ಕಾಚಾರವೇ. ಪ್ರತಿ ಗುಡಾರದ ನಡುವೆ ತೆರೆದ ಉಂಗುರವಿಟ್ಟು ಬಿಸಿಗಾಳಿ ಮೇಲೆ ಹೋಗುವಂತೆ ಮಾಡಿದರು. ಸಂದುಗಳಿಲ್ಲದ ಬಟ್ಟೆಗೆ ಒಂದೇ ದೊಡ್ಡ ಸಂದು. 1983ರಲ್ಲಿ ಟರ್ಮಿನಲ್‌ಗೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಅದನ್ನು ನೋಡಲು ಖಾನ್ ಇರಲಿಲ್ಲ, 1982ರ ಮಾರ್ಚ್‌ನಲ್ಲಿ ಅದೇ ಜೆಡ್ಡಾದಲ್ಲಿ ತೀರಿಕೊಂಡಿದ್ದರು.

ಈ ಹೊಸ ಬಟ್ಟೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1997ರ ಏಪ್ರಿಲ್‌ನಲ್ಲಿ ಮಕ್ಕಾ ಬಳಿಯ ಮಿನಾದಲ್ಲಿ ಯಾತ್ರಿಕರ ಗುಡಾರಗಳಿಗೆ ಬೆಂಕಿ ಬಿದ್ದು 340ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಭಾರತದವರೂ ಇದ್ದರು. ಆಮೇಲೆ ಮಿನಾದ ಬಯಲಿಗೆ ಟೆಫ್ಲಾನ್ ಲೇಪದ ಗಾಜುನೂಲಿನ ಗುಡಾರಗಳೇ ಬಂದವು. ಲಕ್ಷಾಂತರ ಜನ ಒತ್ತೊತ್ತಾಗಿ ಮಲಗುವ ಕಡೆ ಬೆಂಕಿಗೆ ಜಗ್ಗದ ಬಟ್ಟೆ ಬೇಕೇ ಬೇಕು.

ಆದರೆ ಟೆಫ್ಲಾನ್ ಫ್ಲೋರಿನ್ ಇರುವ ಪ್ಲಾಸ್ಟಿಕ್. ಮಣ್ಣಿನಲ್ಲಿ ಕರಗದು, ಗಾಜಿನ ನೂಲಿನಿಂದ ಬಿಡಿಸಿ ಮರುಬಳಸುವುದೂ ಸುಲಭವಲ್ಲ. ಅದು ಸೇರಿದ, ಬೇಗ ನಾಶವಾಗದ ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಇಡೀ ಕುಟುಂಬಕ್ಕೇ ಕಡಿವಾಣ ಹಾಕಬೇಕೆಂದು 2023ರಲ್ಲಿ ಯುರೋಪಿನ ಐದು ದೇಶಗಳು ಪ್ರಸ್ತಾವ ಮುಂದಿಟ್ಟವು. ಕಂಬ, ಹಗ್ಗ, ಎಳೆತದ ಲೆಕ್ಕ ಇಷ್ಟನ್ನು ಎಂಜಿನಿಯರುಗಳು ಅಲೆಮಾರಿಗಳಿಂದ ಪಡೆದರು, ಇನ್ನೂ ಚೆನ್ನಾಗಿ ಬೆಳೆಸಿದರು. ನೆನೆದರೆ ಉಬ್ಬುವ ನೂಲು, ಬಿಚ್ಚಿ ಮತ್ತೆ ಹೊಲಿಯಬಹುದಾದ ಪಟ್ಟಿ, ಮಣ್ಣಿಗೆ ಮರಳುವ ಕೂದಲು, ಇವು ಅಲ್ಲೇ ಉಳಿದವು. ಪರಿಸರದ ದೃಷ್ಟಿಯಿಂದ ನೋಡಿದರೆ ಬೆಲೆಬಾಳುವುದು ಬಿಟ್ಟುಬಂದ ಆ ಭಾಗವೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈ ನಡುವೆ ಬೆದೂಯಿನರು ಬಹುಪಾಲು ಊರುಗಳಲ್ಲಿ ನೆಲೆ ನಿಂತಿದ್ದಾರೆ. ಅಲ್ಲಲ್ಲಿ ಉಳಿದ ಗುಡಾರಗಳಿಗೂ ಪೇಟೆಯ ಪಾಲಿಯೆಸ್ಟರ್ ಬಂದಿದೆ. 2011ರಲ್ಲಿ ಯುನೆಸ್ಕೊ ಸಂಯುಕ್ತ ಅರಬ್ ಸಂಸ್ಥಾನದ ಸದು ನೇಯ್ಗೆಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. 2020ರಲ್ಲಿ ಸೌದಿ ಮತ್ತು ಕುವೈತ್‌ನ ಸದು ಯುನೆಸ್ಕೊದ ಇನ್ನೊಂದು ಪಟ್ಟಿಗೆ ಸೇರಿತು. ಚೀಲ, ದಿಂಬು, ಗೋಡೆಗೆ ತೂಗುವ ಬಟ್ಟೆಯಾಗಿ ಸದು ಈಗಲೂ ಮಾರಾಟವಾಗುತ್ತದೆ, ಚಾವಣಿಯಾಗಿ ಅಪರೂಪ.

ಜೋರ್ಡಾನ್‌ನ ವಾಸ್ತುಶಿಲ್ಪಿ ಅಬೀರ್ ಸೈಕಲಿ 2013ರಲ್ಲಿ ನಿರಾಶ್ರಿತರಿಗಾಗಿ ಮಡಚಬಹುದಾದ ನೇಯ್ಗೆಯ ಗುಡಾರದ ವಿನ್ಯಾಸಕ್ಕೆ ಹೆಸರಾದರು. ಅದಾದ ಮೇಲೆ ಅವರು ಅಲ್ಲಿನ ಬೆದೂಯಿನ್ ಹೆಂಗಸರ ಜೊತೆ ಕೂತು ಮೇಕೆ ಕೂದಲಿನ ನೇಯ್ಗೆಯತ್ತಲೇ ಹೊರಳಿದ್ದಾರೆ. ಈ ದಾರಿ ನಿಧಾನದ್ದು. ಇಲ್ಲಿ ನಕ್ಷೆ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಲೆಕ್ಕವೇ ಬೇರೆ: ಈ ಸಲ ಎಷ್ಟು ಮೇಕೆಯ ಕೂದಲು ಸಿಕ್ಕಿದೆ, ತಕಲಿ ಹಿಡಿಯಬಲ್ಲ ಹೆಂಗಸರು ಆ ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೆ, ಅವರ ಪಕ್ಕದಲ್ಲಿ ಕೂತು ಕಲಿಯಲು ಯಾರು ಬಂದಿದ್ದಾರೆ.