ಮೈಸೂರಿನಲ್ಲಿ ಯುಂಗ್‌ಗೆ ಎದುರಾದ ‘ನಾನು’

1937ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದ ಸ್ವಿಸ್ ಮನೋವೈದ್ಯ ಕಾರ್ಲ್ ಯುಂಗ್ ಕೆಲಕಾಲ ಮೈಸೂರು ಮಹಾರಾಜರ ಅತಿಥಿಯಾಗಿದ್ದರು. ಅಲ್ಲಿ ಅವರು ಆಳವಾದ ಚರ್ಚೆಗೆ ಕೂತದ್ದು ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಂದಿಗೆ. ಅಯ್ಯರ್ ಮಹಾರಾಜರಿಗೆ ವೇದಾಂತ ಬೋಧಿಸುತ್ತಿದ್ದವರು. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಯುಂಗ್ ಅವರನ್ನು ಕಂಡು ಬಂದಿದ್ದರು. ಇಬ್ಬರ ನಡುವೆ ಪತ್ರವ್ಯವಹಾರವೂ ಇತ್ತು.

ಅವರಿಬ್ಬರ ನಿಲುವುಗಳು ಕೂಡಿಬರುವಂಥವಲ್ಲ. ಅದ್ವೈತಿಗೆ ‘ನಾನು’ ಎಂಬುದು ಅಧ್ಯಾಸ, ಅಂದರೆ ಇಲ್ಲದ್ದನ್ನು ಇದೆಯೆಂದು ಆರೋಪಿಸಿಕೊಂಡ ಭ್ರಮೆ. ಅದು ಕರಗಿದರೂ ಎಲ್ಲವನ್ನೂ ಸುಮ್ಮನೆ ನೋಡುವ ಅರಿವು, ಸಾಕ್ಷಿ, ಉಳಿಯುತ್ತದೆ. ಯುಂಗ್‌ಗೆ ಇದು ಒಪ್ಪಿಗೆಯಾಗಲಿಲ್ಲ. ‘ನಾನು’ ಇಲ್ಲವಾದರೆ ಅರಿವಾಯಿತೆಂದು ಅರಿಯುವವರು ಯಾರು ಎಂಬುದು ಅವರ ಪಟ್ಟು. ಮನಸ್ಸು ಒಡೆದುಹೋದವರನ್ನು ದಿನವೂ ನೋಡುತ್ತಿದ್ದ ವೈದ್ಯ ‘ನಾನು’ವನ್ನು ಸುಲಭಕ್ಕೆ ಬಿಟ್ಟುಕೊಡಲಾರ. ಆ ಹಿಂಜರಿಕೆಯನ್ನು ಪಾಶ್ಚಾತ್ಯ ಅಹಂಕಾರವೆಂದು ತಳ್ಳಿಹಾಕುವುದು ನನಗೆ ನ್ಯಾಯವೆನಿಸುವುದಿಲ್ಲ.

ಈ ಮಾತುಕತೆಗೆ ಮೊದಲೇ ಕಲ್ಕತ್ತೆಯಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಜೊತೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಪತ್ರ ಬರೆಯುತ್ತ, ಗುರುವಿನ ಸಿದ್ಧಾಂತವನ್ನು ಪ್ರಶ್ನಿಸುತ್ತಲೇ ಇದ್ದರು. ಫ್ರಾಯ್ಡ್‌ಗೆ ಎಪ್ಪತ್ತೈದು ತುಂಬಿದಾಗ ಕಲ್ಕತ್ತೆಯಿಂದ ಹೋದ ಉಡುಗೊರೆ ದಂತದ ವಿಷ್ಣು. ಮೂರ್ತಿ ಮೇಜಿನ ಮೇಲೆ ಕೂತಿತು, ತತ್ತ್ವ ಒಳಗಿಳಿಯಲಿಲ್ಲ. ರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆ ಬರೆದ ಫ್ರೆಂಚ್ ಲೇಖಕ ರೊಮೈನ್ ರೋಲಾಂಡ್, ಇಡೀ ಜಗತ್ತಿನೊಂದಿಗೆ ಒಂದಾದ ‘ಸಾಗರದಂಥ ಅನುಭವ’ದ ಮಾತೆತ್ತಿದಾಗ, ನನ್ನೊಳಗೆ ಅದು ಕಾಣದು ಎಂದರು ಫ್ರಾಯ್ಡ್, ಶೈಶವದ ಉಳಿಕೆ ಎಂದು ಅದನ್ನು ವಿವರಿಸಿದರು.

ಯುಂಗ್ ಹಾಗೆ ದೂರ ಸರಿದವರಲ್ಲ. 1932ರಲ್ಲೇ ಜ್ಯೂರಿಕ್‌ನಲ್ಲಿ ಕುಂಡಲಿನಿ ಯೋಗದ ಮೇಲೆ ಉಪನ್ಯಾಸ ಕೊಟ್ಟಿದ್ದರು. ಆದರೆ ಯೋಗವನ್ನು ಓದಿ, ಅಭ್ಯಾಸಕ್ಕೆ ಇಳಿಸಬೇಡಿ ಎಂದು 1936ರಲ್ಲಿ ಯುರೋಪಿನವರನ್ನು ಎಚ್ಚರಿಸಿದರು. ಮದ್ರಾಸಿನವರೆಗೆ ಬಂದರೂ ತಿರುವಣ್ಣಾಮಲೈಗೆ ಹೋಗಿ ರಮಣರನ್ನು ಕಾಣಲಿಲ್ಲ. ಬಹುಶಃ ಹೋಗಬೇಕಿತ್ತೇನೋ ಎಂದು ಮುಂದೆ ತಾವೇ ಬರೆದುಕೊಂಡರು.

ಆ ಎಚ್ಚರಿಕೆಯನ್ನು ಮುಂದಿನವರು ಕೇಳಲಿಲ್ಲ. 1957ರಲ್ಲಿ ಮೆಕ್ಸಿಕೋದ ಕುಎರ್ನವಾಕಾದಲ್ಲಿ ಮನೋವಿಶ್ಲೇಷಕ ಎರಿಕ್ ಫ್ರೋಮ್ ಮತ್ತು ಝೆನ್ ವಿದ್ವಾಂಸ ಡಿ.ಟಿ. ಸುಝುಕಿ ಒಂದೇ ವೇದಿಕೆಯಲ್ಲಿ ಕೂತರು. ನಿಜವಾದ ತಿರುವು ಬಂದದ್ದು 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ. ಔಷಧಕ್ಕೂ ಬಗ್ಗದ ನೋವು ಹೊತ್ತವರಿಗೆ ಜಾನ್ ಕಬಾಟ್-ಝಿನ್ ಧ್ಯಾನದ ತರಗತಿ ಶುರುಮಾಡಿದರು. ಬುದ್ಧ, ಧಮ್ಮ ಎಂಬ ಪದಗಳನ್ನು ಹಿಂದಿಟ್ಟು, ಉಸಿರನ್ನೂ ಗಮನವನ್ನೂ ಮುಂದಿಟ್ಟರು. ಇದರ ಜಾಡು ಹಿಡಿದು ಟೀಸ್‌ಡೇಲ್, ವಿಲಿಯಮ್ಸ್, ಸೀಗಲ್ ಖಿನ್ನತೆ ಮರುಕಳಿಸದಂತೆ ತಡೆಯುವ ಮನೋಚಿಕಿತ್ಸೆ ರೂಪಿಸಿದರು. 2004ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೂ ಅದನ್ನು ಶಿಫಾರಸು ಮಾಡಿತು.

ಧ್ಯಾನ ಹೀಗೆ ಅಳತೆಗೆ ಸಿಕ್ಕಿತು, ಅದು ದೊಡ್ಡ ಲಾಭ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೀವ್ರ ಖಿನ್ನತೆಯಿದ್ದ 45 ರೋಗಿಗಳನ್ನು ಮೂರು ಗುಂಪು ಮಾಡಿ ನಾಲ್ಕು ವಾರ ನೋಡಿದರು. ವರದಿ ಬಂದದ್ದು 2000ದಲ್ಲಿ. ಚೇತರಿಸಿಕೊಂಡವರು ವಿದ್ಯುತ್ ಚಿಕಿತ್ಸೆಯಲ್ಲಿ ಶೇ 93, ಇಮಿಪ್ರಮೈನ್ ಔಷಧದಲ್ಲಿ ಶೇ 73, ಸುದರ್ಶನ ಕ್ರಿಯೆಯಲ್ಲಿ ಶೇ 67. ಉಸಿರಾಟದ ಅಭ್ಯಾಸ ಔಷಧದ ಹತ್ತಿರ ಬಂತು, ವಿದ್ಯುತ್ ಚಿಕಿತ್ಸೆಯನ್ನು ಮುಟ್ಟಲಿಲ್ಲ. ಪುಟ್ಟ ಅಧ್ಯಯನವಾದರೂ ಭಕ್ತರ ಉತ್ಸಾಹಕ್ಕೂ ಅನುಮಾನಿಗಳ ತಿರಸ್ಕಾರಕ್ಕೂ ಸಿಗದ ಇಂಥ ಉತ್ತರಗಳ ಮೇಲೆ ನನಗೆ ಗೌರವವಿದೆ.

ಕಳೆದುಕೊಂಡದ್ದೂ ಇದೆ. ಬೌದ್ಧ ದಾರಿಯಲ್ಲಿ ಸಮಾಧಿಗೆ, ಅಂದರೆ ಮನಸ್ಸಿನ ಏಕಾಗ್ರತೆಗೆ, ಮೊದಲು ಶೀಲ, ಅಂದರೆ ಒಳ್ಳೆಯ ನಡತೆ. ಕಣ್ಣುಮುಚ್ಚಿ ಕೂತಾಗ ಭಯ ಎದ್ದರೆ ಪಕ್ಕದಲ್ಲಿ ಗುರು. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಗುರು-ಚೇಲಾ ಸಂಬಂಧವನ್ನು ಚಿಕಿತ್ಸೆಯ ಮಾದರಿಯಾಗಿ ನೋಡಬಹುದೇ ಎಂದು ಕೇಳಿದ್ದರು. ಮೊಬೈಲ್ ಆ್ಯಪ್‌ನಲ್ಲಿ ಧ್ಯಾನ ಕಲಿಯುವವರಿಗೆ ಆ ಗುರು ಇಲ್ಲ.

ಇವತ್ತು ಚಿಕಿತ್ಸಕರು ‘ನಾನು ಕೆಲಸಕ್ಕೆ ಬಾರದವಳು’ ಎನ್ನುವವಳಿಗೆ, ‘ಅಂಥದೊಂದು ಯೋಚನೆ ಬಂತು ಅಂತ ಗಮನಿಸಿ’ ಎನ್ನುತ್ತಾರೆ. ಯೋಚನೆಯ ಬಿಗಿ ಸಡಿಲವಾಗುತ್ತದೆ. ಗಮನಿಸಿದ್ದು ಯಾರು ಎಂದು ಅಯ್ಯರ್ ಆಗಿದ್ದರೆ ಅಲ್ಲೇ ಕೇಳುತ್ತಿದ್ದರು. ಚಿಕಿತ್ಸಕರು ಕೇಳುವುದಿಲ್ಲ, ಆ ದಿನ ಅವಳಿಗೆ ಬೇಕಾದದ್ದು ನಿದ್ದೆ.