ಆರು ಆಡು, ಹನ್ನೆರಡು ಮೊಣಕಾಲು

ಬೀದರಿನಲ್ಲಿ ಪಶುವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ತನ್ನ ಪ್ರಯೋಗದ ಯೋಜನೆ ಹಿಡಿದು ಬಂದಿದ್ದ. ಆಡಿನ ಮೊಣಕಾಲ ಮೃದ್ವಸ್ಥಿಯಲ್ಲಿ, ಅಂದರೆ ಕೀಲಲ್ಲಿ ಎಲುಬಿನ ತುದಿ ಹೊದ್ದ ಮೆತ್ತನೆ ಪದರದಲ್ಲಿ, ಸಣ್ಣ ಕುಳಿ ಕೊರೆದು, ಅದಕ್ಕೆ ಜೆಲ್ ತುಂಬಿ, ಮಾಯುವ ಬಗೆ ನೋಡುವುದು. "ಆರು ಆಡು ಸಾಕ್ರಿ ಸರ್, ಎರಡೂ ಕಾಲು ಹಿಡದ್ರ ಹನ್ನೆರಡು ಆಗ್ತಾವ" ಅಂದ.

ಆಗುವುದಿಲ್ಲ. ಒಂದೇ ಆಡಿನ ಎರಡು ಮೊಣಕಾಲಿಗೂ ವಯಸ್ಸು, ತೂಕ, ಮೇವು ಎಲ್ಲ ಒಂದೇ. ಒಂದಕ್ಕೆ ಜೆಲ್ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ಜೋಡಿಯಾಗಿ ಹೋಲಿಸಬಹುದು. ಆಗಲೂ ಲೆಕ್ಕಕ್ಕೆ ಸಿಗುವುದು ಆರೇ. ಮೇಲಾಗಿ, ಒಂದು ಕಾಲು ನೊಂದರೆ ಆಡು ಇನ್ನೊಂದರ ಮೇಲೆ ಭಾರ ಹಾಕುತ್ತದೆ. ಭಾರ ಬದಲಾದರೆ ಮಾಯುವ ರೀತಿಯೂ ಬದಲಾಗುತ್ತದೆ.

ಆಡುಗಳನ್ನು ನೋಡಲು ದೊಡ್ಡಿಗೆ ಹೋದೆವು. "ಎಲ್ಲಾ ದೊಡ್ಡವೇ" ಅಂದ. ಒಂದೊಂದರ ಕೆಳದುಟಿ ಇಳಿಸಿ ತೋರಿಸಿದೆ: ಒಂದಕ್ಕೆ ಇನ್ನೂ ಹಾಲುಹಲ್ಲು, ಎರಡಕ್ಕೆ ಎರಡು ಶಾಶ್ವತ ಹಲ್ಲು, ಉಳಿದವಕ್ಕೆ ನಾಲ್ಕು. ಎರಡು ಹಲ್ಲೆಂದರೆ ವರ್ಷ ದಾಟಿದ್ದು, ನಾಲ್ಕೆಂದರೆ ಸುಮಾರು ಎರಡು ವರ್ಷ. ಎಳೆಯ ಆಡಿನ ಮೃದ್ವಸ್ಥಿ ಯಾವ ಮದ್ದಿಲ್ಲದೆಯೂ ಒಂದಷ್ಟು ಕೂಡಿಕೊಳ್ಳುತ್ತದೆ. ಹಾಲುಹಲ್ಲಿನದು ಜೆಲ್ ಗುಂಪಿಗೆ ಬಿದ್ದರೆ ವಯಸ್ಸು ಮಾಡಿದ ಕೆಲಸದ ಹೆಸರು ಜೆಲ್‌ಗೆ ಬರುತ್ತದೆ.

ಮೊಲಗಳಲ್ಲಿ ಈ ಮೋಸ ಇನ್ನೂ ಹೆಚ್ಚು. ಮೊಲದ ಮೊಣಕಾಲ ಮೃದ್ವಸ್ಥಿ ಸುಮಾರು 0.3 ಮಿ.ಮೀ., ಮನುಷ್ಯನದು 2 ಮಿ.ಮೀ.ಗೂ ಮೇಲೆ. ಕೊರೆದರೆ ಕುಳಿಯ ಬಹುಪಾಲು ಎಲುಬಿನೊಳಗೇ ಇರುತ್ತದೆ, ಮಜ್ಜೆಯ ರಕ್ತ ಉಕ್ಕಿ ಗಾಯ ತಾನೇ ತುಂಬಿಕೊಳ್ಳುತ್ತದೆ. ಮೊಲದಲ್ಲಿ ಮಾಯಿತೆಂದು ಕಲಬುರಗಿಯ ಅಜ್ಜಿಯ ಮೊಣಕಾಲಿಗೆ ಭರವಸೆ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಮೃದ್ವಸ್ಥಿಯ ತೆಳು ಹೋಳನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಎಷ್ಟು ಮಾಯಿದೆಯೆಂದು ಅಂಕ ಹಾಕುವಾಗಲೂ ಹೀಗೇ ಮೋಸವಾಗುತ್ತದೆ. ಮೃದ್ವಸ್ಥಿಗೆ ಹಿಡಿಯುವ ಸಫ್ರಾನಿನ್ ಬಣ್ಣ ಎಷ್ಟು ಕೆಂಪಾಗಿ ಹಿಡಿದಿದೆ ಎಂಬುದರಲ್ಲಿ ಇಬ್ಬರ ಕಣ್ಣು ಒಪ್ಪುವುದು ಕಷ್ಟ. ಯಾವುದು ಜೆಲ್‌ನದು ಎಂದು ಗೊತ್ತಿದ್ದರಂತೂ ಕೈ ಅತ್ತಲೇ ವಾಲುತ್ತದೆ.

ಪ್ರಯೋಗದ ಪ್ರಾಣಿಗಳ ಸಂಖ್ಯೆ ಇಳಿಸಬೇಕೆಂದು ಬ್ರಿಟಿಷ್ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದರು. ಆದರೆ ಉತ್ತರವೇ ಸಿಗದಷ್ಟು ಇಳಿಸಿ ಎಂದು ಅವರು ಹೇಳಿಲ್ಲ. ಉತ್ತರ ಕೊಡದ ಪ್ರಯೋಗದಲ್ಲಿ ಆರು ಆಡುಗಳ ನೋವೂ ದಂಡ. ನನಗೆ ಸಂಕಟವಾಗುವುದು ಅಲ್ಲೇ.

ತಿಂಗಳ ನಂತರ ಅವನು ಮತ್ತೆ ಬಂದ. ಎಲ್ಲವೂ ನಾಲ್ಕು ಹಲ್ಲಿನ ಹೆಣ್ಣಾಡುಗಳು, ಒಂದೇ ತಳಿ, ಒಂದಕ್ಕೆ ಒಂದೇ ಮೊಣಕಾಲು, ಗುಂಪಿಗೆ ಚೀಟಿ ಎತ್ತುವುದು, ಪಟ್ಟಿಗಳಿಗೆ ಗುಪ್ತ ನಂಬರು. ಆಡುಗಳ ಸಂಖ್ಯೆ ಹೆಚ್ಚಿತ್ತು. ಯಾಕೆ ಹೆಚ್ಚಿತೆಂದು ನೈತಿಕ ಸಮಿತಿಗೆ ಬರೆಯಲು ಅವನ ಜೊತೆ ನಾನೂ ಕುಳಿತೆ.