ಕಾಲುವೆ ನೀರಿಗೆ ದರ ಕಟ್ಟಿದ ಕಥೆ

ಒಂದು ಎಕರೆ ಭತ್ತ ನಾಟಿಯಿಂದ ಕೊಯ್ಲಿಗೆ ಬರುವಷ್ಟರಲ್ಲಿ ಸುಮಾರು 1200 ಮಿಲಿಮೀಟರ್ ನೀರು ಕುಡಿಯುತ್ತದೆ. ಲೀಟರ್ ಲೆಕ್ಕದಲ್ಲಿ 48 ಲಕ್ಷಕ್ಕೂ ಜಾಸ್ತಿ. ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ದರ ಪರಿಷ್ಕರಿಸಿದಾಗ ಇಷ್ಟು ನೀರಿಗೆ ಗೊತ್ತಾದ ಕರ 100 ರೂಪಾಯಿ. ಕಬ್ಬಿಗೆ 400. ಅಂದರೆ ಭತ್ತದ ನೀರು ಸಾವಿರ ಲೀಟರಿಗೆ ಎರಡು ಪೈಸೆ. ಇದನ್ನು ನೋಡಿದವರು ರೈತರಿಗೆ ನೀರು ಪುಕ್ಕಟೆ ಅಂದುಬಿಡುತ್ತಾರೆ. ಕಾಲುವೆಯ ಕೊನೆಯಲ್ಲಿ ಹೊಲ ಇರುವವರು ಮಾತ್ರ, ಬಾರದ ನೀರಿಗೆ ಆ ನೂರು ರೂಪಾಯಿಯಾದರೂ ಯಾಕೆ ಕೊಡಬೇಕು ಎಂದು ಕೇಳುತ್ತಾರೆ. ಅವರ ಮಾತಿನಲ್ಲಿ ನ್ಯಾಯ ಇದೆ, ಅಲ್ವಾ?

ಹಿಂದೆ ಕೆರೆಯ ತೂಬು ಎತ್ತುವ ನೀರಗಂಟಿಗೆ ಊರವರು ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಬ್ರಿಟಿಷರು ಸಾಲ ಎತ್ತಿ ದೊಡ್ಡ ಕಾಲುವೆ ತೋಡಿಸಿದರು, ಹಾಕಿದ ದುಡ್ಡಿಗೆ ಬಡ್ಡಿ ಹುಟ್ಟುತ್ತದೋ ಇಲ್ಲವೋ ಎಂದು ನೋಡಿದರು. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಇದೇ ನಡೆಯಿತು. 1964ರಲ್ಲಿ ಅಳತೆಗೋಲೇ ಬದಲಾಯಿತು. ಖಜಾನೆಗೆ ಎಷ್ಟು ವಾಪಸ್ ಬರುತ್ತದೆ ಅನ್ನುವುದಕ್ಕಿಂತ, ನಾಡಿಗೆ ಆಗುವ ಒಟ್ಟು ಲಾಭ ಖರ್ಚಿನ ಎಷ್ಟು ಪಟ್ಟು ಅನ್ನುವುದು ಮುಖ್ಯವಾಯಿತು. ಅಣೆಕಟ್ಟುಗಳಿಗೆ ಒಪ್ಪಿಗೆ ಸಿಕ್ಕಿತು. ಕಟ್ಟಿದ ದುಡ್ಡು ಯಾರು ತೀರಿಸಬೇಕು ಅನ್ನುವುದು ಹಾಗೇ ಉಳಿಯಿತು.

ಮೈಸೂರು ರಾಜ್ಯ 1957ರ ಕಾಯ್ದೆಯಲ್ಲಿ ಇದಕ್ಕೆ ಎರಡು ದಾರಿ ಮಾಡಿತ್ತು. ಒಂದು, ಪ್ರತಿ ಬೆಳೆಗೆ ನೀರಿನ ಕರ. ಇನ್ನೊಂದು, ಬೆಟರ್‌ಮೆಂಟ್ ಲೆವಿ: ನೀರು ಬಂದಿದ್ದರಿಂದ ಹೊಲದ ಬೆಲೆ ಏರಿತು, ಆ ಏರಿಕೆಯಲ್ಲಿ ಒಂದು ಪಾಲು ಸರ್ಕಾರಕ್ಕೆ. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ, ಅಂದರೆ ಆ ಅಣೆಕಟ್ಟಿನ ನೀರು ಸಿಗಬೇಕಾದ ಹೊಲಗಳಲ್ಲಿ, ಅದು ನಡೆಯಲಿಲ್ಲ.

ನವಿಲುತೀರ್ಥದ ಅಣೆಕಟ್ಟಿನ ನೀರು 1970ರ ದಶಕದಲ್ಲಿ ನವಲಗುಂದ, ನರಗುಂದದ ಎರೆಹೊಲಗಳತ್ತ ಬಂತು. ಜೋಳ, ಹತ್ತಿ ಬೆಳೆಯುತ್ತಿದ್ದ ಕಪ್ಪು ನೆಲ ಅದು. ಮಳೆ ಬಿದ್ದರೆ ಕಾಲಿಗೆ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇಂಥ ಮಣ್ಣಿನಲ್ಲಿ ನೀರು ನಿಂತರೆ ಬಸಿದುಹೋಗುವುದಿಲ್ಲ, ಹೊಲ ಸವಳಾಗುತ್ತದೆ. ಕೆಲವರ ಹೊಲಕ್ಕೆ ಕಾಲುವೆಯೇ ಮುಟ್ಟಿರಲಿಲ್ಲ. ಆದರೂ ಸರ್ವೆ ನಂಬರು ಅಚ್ಚುಕಟ್ಟಿನ ಪಟ್ಟಿಯಲ್ಲಿ ಇದ್ದರೆ ಸಾಕು, ಕರ ಕಟ್ಟಿ ಎಂದು ನೋಟಿಸ್ ಬರುತ್ತಿತ್ತು. ಅದೇ ಹೊತ್ತಿಗೆ ವರಲಕ್ಷ್ಮಿ ಹತ್ತಿಯ ಬೆಲೆ ಕುಸಿಯಿತು. 1980ರ ಜುಲೈ 21ರಂದು ಎರಡೂ ಊರುಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಪ್ರತಿ ವರ್ಷ ಆ ದಿನ ಅಲ್ಲಿನ ರೈತರು ಹುತಾತ್ಮ ದಿನ ಆಚರಿಸುತ್ತಾರೆ.

ಆ ಜನ ಕರವೇ ಬೇಡ ಎಂದು ಎದ್ದರು ಅಂತ ಸುಮ್ನೆ ಹೇಳಿಬಿಡುವುದು ನನಗೆ ಒಪ್ಪುವುದಿಲ್ಲ. ನೀರು ಮುಟ್ಟಿದೆಯೋ ಇಲ್ಲವೋ ನೋಡದೆ ಎಕರೆ ಎಣಿಸಿ ಬರೆದ ಲೆಕ್ಕ ಅವರನ್ನು ಕೆರಳಿಸಿತ್ತು. ನಂತರ ಬಂದವರು ಮಾತ್ರ ಬೇರೆಯೇ ಪಾಠ ಕಲಿತರು. ದರ ಮುಟ್ಟಬಾರದು ಎಂದುಕೊಂಡರು, ಎಕರೆ ಎಣಿಸುವುದನ್ನು ಬಿಡಲಿಲ್ಲ.

ದುಡ್ಡು ಬೇರೆ ಕಡೆಯಿಂದ ಬಂತು. 1994ರಲ್ಲಿ ಕೃಷ್ಣಾ ನದಿಯ ನೀರಾವರಿ ಯೋಜನೆ ನಡೆಸಲು ಸರ್ಕಾರದ್ದೇ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು, ಬಾಂಡ್ ಮಾರಿ ಸಾಲ ಎತ್ತಿತು. ಎಕರೆಗೆ ನೂರು ರೂಪಾಯಿಯ ಕರದಲ್ಲಿ ಅಂಥ ಸಾಲದ ಬಡ್ಡಿ ಹುಟ್ಟುವ ಮಾತೇ ಇಲ್ಲ. ಆ ಭಾರ ರಾಜ್ಯದ ಬಜೆಟ್ ಮೇಲೆ ಬಿತ್ತು. ಹೂಳು ತೆಗೆಯಲು, ಗೇಟು ರಿಪೇರಿ ಮಾಡಲು ಬೇಕಾದ ದುಡ್ಡೂ ಅದೇ ಬಜೆಟ್‌ನಿಂದಲೇ ಬರಬೇಕು.

ಈ ಗಂಟು ಬಿಡಿಸಲು ಕೇಂದ್ರ ನೇಮಿಸಿದ್ದ ವೈದ್ಯನಾಥನ್ ಸಮಿತಿ 1992ರಲ್ಲೇ ಒಂದು ದಾರಿ ತೋರಿಸಿತ್ತು. ಮೊದಲ ಹಂತದಲ್ಲಿ ನಿರ್ವಹಣೆಯ ಖರ್ಚು, ಅದರ ಜೊತೆಗೆ ಬಂಡವಾಳದ ಮೇಲೆ ಶೇ 1ರಷ್ಟು ಬಡ್ಡಿ ವಸೂಲಾದರೆ ಸಾಕು. ಮುಂದೆ ನೀರನ್ನು ಅಳೆದು ರೈತರ ಗುಂಪುಗಳಿಗೆ ಸಗಟಾಗಿ ಕೊಡಿ, ಒಳಗಿನ ಹಂಚಿಕೆ ಅವರಿಗೇ ಬಿಡಿ. 2000ದಲ್ಲಿ ರಾಜ್ಯದ ನೀರಾವರಿ ಕಾಯ್ದೆಗೆ ತಿದ್ದುಪಡಿ ಬಂತು, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಸಿಕ್ಕಿತು.

ಆದರೆ ಸಂಘಕ್ಕೆ ಅಳೆದು ಕೊಡಬೇಕಾದರೆ ವಿತರಣಾ ಕಾಲುವೆಯ ಬಾಯಲ್ಲಿ ಅಳತೆಪಟ್ಟಿ ಇರಬೇಕು. ಗೇಟು ಏರಬೇಕು, ಇಳಿಯಬೇಕು. ದಿನಾ ಬೆಳಗ್ಗೆ ಒಬ್ಬರು ಹೋಗಿ ನೀರಿನ ಮಟ್ಟ ನೋಡಿ ಬರೆದುಕೊಳ್ಳಬೇಕು. ಪಟ್ಟಿಯ ಅಂಕಿ ಅಳಿಸಿಹೋಗಿ ಗೇಟು ತುಕ್ಕು ಹಿಡಿದ ಕಡೆ ಆ ಪುಸ್ತಕ ಖಾಲಿ ಇರುತ್ತದೆ. ಅಲ್ಲಿ ಬಿಲ್ಲು ಮತ್ತೆ ಹಳೇ ಲೆಕ್ಕಕ್ಕೇ ಬರುತ್ತದೆ: ಸರ್ವೆ ನಂಬರು, ಬೆಳೆ, ಎಕರೆ, ದರ.